ಮುಟ್ಟದೆ ಅಳೆಯುವುದು ಹೇಗೆ: ಹಾರ್ನ್ ಆಂಟೆನಾ, ವಿಎನ್‌ಎ ಬಳಸಿ ವಸ್ತುವಿನ ಎಪ್ಸಿಲಾನ್ ಮತ್ತು ಮ್ಯೂ ಪಡೆಯುವ ಸಮಗ್ರ ಮಾರ್ಗದರ್ಶಿ

ಓದುಗರು ಕಳಿಸುವ ಗ್ರಾಫ್‌ಗಳು ಬಹುತೇಕ ಒಂದೇ ಥರ ಇರುತ್ತವೆ. ಎಪ್ಸಿಲಾನ್ (ವಸ್ತು ವಿದ್ಯುತ್ ಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬ ಅಂಕಿ) ಗೆರೆ ಅಲೆಅಲೆಯಾಗಿ ಏರಿಳಿಯುತ್ತದೆ. ಅಯಸ್ಕಾಂತೀಯ ಗುಣವೇ ಇಲ್ಲದ ಪ್ಲಾಸ್ಟಿಕ್‌ನ ಮ್ಯೂ (ಅಯಸ್ಕಾಂತ ಕ್ಷೇತ್ರಕ್ಕೆ ಅಂಥದ್ದೇ ಅಂಕಿ) ಒಂದರ ಬದಲು 0.7 ಎಂದು ತೋರಿಸುತ್ತದೆ. ಲಾಸ್ ಟ್ಯಾಂಜೆಂಟ್ (ವಸ್ತು ತರಂಗದ ಶಕ್ತಿಯನ್ನು ಎಷ್ಟು ನುಂಗುತ್ತದೆ ಎಂಬ ಅಂಕಿ) ಅಲ್ಲಲ್ಲಿ ಸೊನ್ನೆಗಿಂತ ಕೆಳಗೆ ಇಳಿದಿರುತ್ತದೆ. ಜೊತೆಗೆ ಒಂದು ಪ್ರಶ್ನೆ: "ಸಾಫ್ಟ್‌ವೇರ್ ಬದಲಿಸಬೇಕಾ?"

ಬೇಡ. ಸೂತ್ರದಲ್ಲಿ ತಪ್ಪು ಇರುವುದು ಅಪರೂಪ. ತಪ್ಪಿರುವುದು ಕೆಲಸದ ಕ್ರಮ. ಗುಣ ಗೊತ್ತಿಲ್ಲದ ಸ್ಯಾಂಪಲನ್ನೇ ಮೊದಲು ಇಟ್ಟು ಅಳೆದರೆ, ಬಂದ ಸಂಖ್ಯೆ ವಸ್ತುವಿನದೋ, ಕೇಬಲಿನದೋ, ಪಕ್ಕದ ಗೋಡೆಯದೋ ಎಂದು ತಿಳಿಯಲು ದಾರಿಯೇ ಇರುವುದಿಲ್ಲ. ಮೊದಲು ಖಾಲಿ ಜಾಗ, ಆಮೇಲೆ ಲೋಹದ ಪ್ಲೇಟ್, ಆಮೇಲೆ ಟೆಫ್ಲಾನ್. ಈ ಮೂರೂ ಪಾಸಾದ ಮೇಲಷ್ಟೇ ನಿಮ್ಮ ಸ್ಯಾಂಪಲ್.

ಇಲ್ಲಿ ಉದಾಹರಣೆಗೆ 8.2ರಿಂದ 12.4 ಗಿಗಾಹರ್ಟ್ಸ್‌ವರೆಗಿನ ಎಕ್ಸ್ ಬ್ಯಾಂಡ್ ತೆಗೆದುಕೊಂಡಿದ್ದೇನೆ. 10 ಗಿಗಾಹರ್ಟ್ಸ್‌ನಲ್ಲಿ ಗಾಳಿಯಲ್ಲಿನ ತರಂಗದೂರ ಸುಮಾರು 30 ಮಿ.ಮೀ. ಆಗುವುದರಿಂದ ಲೆಕ್ಕ ಬಾಯಲ್ಲೇ ಮಾಡಬಹುದು. ಎಸ್11 ಅಂದರೆ ಸ್ಯಾಂಪಲ್‌ಗೆ ಬಡಿದು ವಾಪಸ್ ಬಂದದ್ದು, ಎಸ್21 ಅಂದರೆ ಅದನ್ನು ದಾಟಿ ಆಚೆ ಹೋದದ್ದು.

## ಬೇಕಾಗುವ ಸಾಮಾನು

ಎರಡು ಪೋರ್ಟಿನ ವಿಎನ್‌ಎ (ವೆಕ್ಟರ್ ನೆಟ್‌ವರ್ಕ್ ಅನಲೈಸರ್: ತರಂಗ ಕಳಿಸಿ, ವಾಪಸ್ ಬಂದದ್ದನ್ನೂ ದಾಟಿದ್ದನ್ನೂ ಅಳೆಯುವ ಉಪಕರಣ), ಅದರಲ್ಲಿ ಟೈಮ್ ಡೊಮೇನ್ ಗೇಟಿಂಗ್ (ಬೇಕಾದ ಹೊತ್ತಿನಲ್ಲಿ ಬಂದ ಸಿಗ್ನಲನ್ನು ಮಾತ್ರ ಉಳಿಸಿಕೊಳ್ಳುವ) ಸೌಲಭ್ಯ. ಇಲ್ಲದಿದ್ದರೆ ಡೇಟಾ ಹೊರತೆಗೆದು ಕಂಪ್ಯೂಟರಿನಲ್ಲೇ ಗೇಟ್ ಮಾಡಬಹುದು. ಫೇಸ್ (ತರಂಗದ ಏರಿಳಿತ ಯಾವ ಹಂತದಲ್ಲಿದೆ ಎಂಬುದು, ಡಿಗ್ರಿಯಲ್ಲಿ) ಅಲುಗದ ಎರಡು ಒಳ್ಳೆಯ ಕೇಬಲ್, ಕ್ಯಾಲಿಬ್ರೇಶನ್ ಕಿಟ್, ಟಾರ್ಕ್ ರೆಂಚ್. ಒಂದೇ ಮಾದರಿಯ ಎರಡು ಹಾರ್ನ್ (ಕಹಳೆಯ ಆಕಾರದ) ಆಂಟೆನಾ. ಲೆನ್ಸ್ ಇರುವ ಸ್ಪಾಟ್ ಫೋಕಸ್ ಜೋಡಿ ಸಿಕ್ಕರೆ ಇನ್ನೂ ಒಳ್ಳೆಯದು. ಸ್ಯಾಂಪಲ್ ಹೋಲ್ಡರ್, ಅಬ್ಸಾರ್ಬರ್ ಫೋಮ್, ಮೈಕ್ರೋಮೀಟರ್, ಸಪಾಟಾದ ಅಲ್ಯೂಮಿನಿಯಂ ಪ್ಲೇಟ್, ಸುಮಾರು 10 ಮಿ.ಮೀ. ದಪ್ಪದ ಟೆಫ್ಲಾನ್ ಹಾಳೆ. ಮಣಿಕಟ್ಟಿಗೆ ಆಂಟಿಸ್ಟಾಟಿಕ್ ಪಟ್ಟಿ.

ಕೊನೆಯದನ್ನು ಯಾರೂ ಕೊಳ್ಳುವುದಿಲ್ಲ. ಟೆಫ್ಲಾನ್ ಹಾಳೆಯನ್ನು ಬಟ್ಟೆಯಿಂದ ಒರೆಸಿದರೆ ಸ್ಟಾಟಿಕ್ ಚಾರ್ಜ್ ಸಿಕ್ಕಾಪಟ್ಟೆ ಸೇರುತ್ತದೆ. ಅದೇ ಕೈಯಲ್ಲಿ ಕೇಬಲಿನ ನಡುಪಿನ್ ಮುಟ್ಟಿದರೆ ವಿಎನ್‌ಎ ಪೋರ್ಟ್ ಸುಟ್ಟುಹೋಗಬಹುದು.

## ಹಂತ 1: ಈ ವಿಧಾನ ನಿಮ್ಮ ವಸ್ತುವಿಗೆ ಹೊಂದುತ್ತದಾ ನೋಡಿ

ಸಪಾಟಾದ ಹಾಳೆ ಅಥವಾ ಹಲಗೆ, ಎಲ್ಲ ಕಡೆ ಒಂದೇ ದಪ್ಪ, ಒಳಗೆಲ್ಲ ಒಂದೇ ಥರದ ವಸ್ತು. ಇಂಥದ್ದಕ್ಕೆ ಈ ವಿಧಾನ ಚೆನ್ನಾಗಿ ಹೊಂದುತ್ತದೆ. ಬಿಸಿಯಾಗಿರುವುದು, ಮೆತ್ತಗಿರುವುದು, ಕತ್ತರಿಸಿ ವೇವ್‌ಗೈಡ್ (ತರಂಗ ಸಾಗುವ ಲೋಹದ ಕೊಳವೆ) ಒಳಗೆ ತುರುಕಲು ಆಗದ್ದು ಇವೆಲ್ಲಕ್ಕೂ ಇದೇ ಸರಿ.

ಎರಡು ಕಡೆ ಇದು ಕೈಕೊಡುತ್ತದೆ. ಲಾಸ್ ಟ್ಯಾಂಜೆಂಟ್ 0.01ಕ್ಕಿಂತ ಕಡಿಮೆ ಇದ್ದರೆ ಎಪ್ಸಿಲಾನ್ ಸರಿಯಾಗಿ ಬರುತ್ತದೆ, ನಷ್ಟದ ಅಂಕಿ ನಂಬುವಂತಿರುವುದಿಲ್ಲ. ಅದಕ್ಕೆ ರೆಸೊನೇಟರ್ (ನಿಗದಿತ ಆವರ್ತನದಲ್ಲಿ ಅನುರಣಿಸುವ ಸಾಧನ) ಬೇಕು. ಇನ್ನು ಲೋಹ. 10 ಗಿಗಾಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ (ತರಂಗ ಲೋಹದೊಳಗೆ ಇಳಿಯುವ ಆಳ) ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಆಚೆಗೆ ಏನೂ ದಾಟುವುದಿಲ್ಲ, ಆದ್ದರಿಂದ ಅಳೆಯಲು ಏನೂ ಉಳಿಯುವುದಿಲ್ಲ. ಲೋಹದ ವಾಹಕತೆಯನ್ನು ಮುಟ್ಟದೆ ಅಳೆಯಬೇಕಿದ್ದರೆ ಎಡ್ಡಿ ಕರೆಂಟ್ (ಲೋಹದೊಳಗೆ ಸುಳಿ ಕರೆಂಟ್ ಹುಟ್ಟಿಸಿ ನೋಡುವ) ವಿಧಾನ ಹಿಡಿಯಿರಿ.

ನಾರು ಸೇರಿಸಿದ ಕಾಂಪೊಸಿಟ್ ಆಗಿದ್ದರೆ ಸ್ಯಾಂಪಲನ್ನು ಅದರ ಸಮತಲದಲ್ಲೇ 90 ಡಿಗ್ರಿ ತಿರುಗಿಸಿ ಎರಡು ಸಲ ಅಳೆಯಿರಿ. ಉತ್ತರ ಬದಲಾದರೆ ಆ ವಸ್ತುವಿಗೆ ಒಂದೇ ಎಪ್ಸಿಲಾನ್ ಇಲ್ಲ ಎಂದರ್ಥ. ಅದು ಅಳತೆಯ ತಪ್ಪಲ್ಲ.

## ಹಂತ 2: ಸ್ಯಾಂಪಲ್‌ನ ಅಗಲ ಮತ್ತು ದಪ್ಪ

ಅಗಲ ಸಾಲದಿದ್ದರೆ ತರಂಗ ಅಂಚಿನ ಸುತ್ತ ಬಾಗಿ ಆಚೆ ಹೋಗುತ್ತದೆ. ಸ್ಯಾಂಪಲ್ ಇರುವ ಜಾಗದಲ್ಲಿ ಬೀಮ್ ಎಷ್ಟು ಅಗಲವೋ ಅದರ ಮೂರು ಪಟ್ಟು ಅಗಲದ ಸ್ಯಾಂಪಲ್ ಇರಲಿ. ಒಳ್ಳೆಯ ಲೆನ್ಸ್ ಇದ್ದರೆ ಫೋಕಸ್‌ನಲ್ಲಿ ಬೀಮ್ ಸುಮಾರು ಒಂದು ತರಂಗದೂರದಷ್ಟಿರುತ್ತದೆ, ಆಗ 10ರಿಂದ 15 ಸೆಂ.ಮೀ. ತುಂಡು ಸಾಕು. ಬರೀ ಹಾರ್ನ್ ಆದರೆ ಅರ್ಧ ಮೀಟರಿಗಿಂತ ಜಾಸ್ತಿ ಬೇಕಾಗಬಹುದು. ಜನ ಲೆನ್ಸ್‌ಗೆ ಖರ್ಚು ಮಾಡುವುದು ಇದೇ ಕಾರಣಕ್ಕೆ.

ಅಗಲ ಸಾಕಾ ಎಂದು ನೋಡಲು ಸುಲಭದ ಉಪಾಯ ಇದೆ. ಸ್ಯಾಂಪಲ್‌ನ ಅಳತೆಗೇ ಕತ್ತರಿಸಿದ ಲೋಹದ ಪ್ಲೇಟನ್ನು ಅದೇ ಜಾಗದಲ್ಲಿಡಿ. ಲೋಹವನ್ನು ಏನೂ ದಾಟುವುದಿಲ್ಲ. ಆದ್ದರಿಂದ ಎಸ್21ರಲ್ಲಿ ಉಳಿದದ್ದೆಲ್ಲ ಅಂಚಿನಿಂದ ಸೋರಿ ಬಂದದ್ದು. ಖಾಲಿ ಜಾಗಕ್ಕಿಂತ ಅದು 40 ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಅಳತೆ) ಕೆಳಗಿದ್ದರೆ ನೆಮ್ಮದಿ. 20 ಡಿಬಿ ಮಾತ್ರ ಕೆಳಗಿದ್ದರೆ ಮುಂದಕ್ಕೆ ಹೋಗಬೇಡಿ.

ದಪ್ಪದ ವಿಷಯಕ್ಕೆ ಬರೋಣ. ಸ್ಯಾಂಪಲ್‌ನ ಒಳಗಿನ ತರಂಗದೂರದ ಸರಿಯಾಗಿ ಅರ್ಧದಷ್ಟು ದಪ್ಪ ಇದ್ದಾಗ ಮುಂದಿನ ಮುಖದ ಪ್ರತಿಫಲನವೂ ಹಿಂದಿನ ಮುಖದ್ದೂ ಒಂದನ್ನೊಂದು ಅಳಿಸುತ್ತವೆ. ಎಸ್11 ಬಹುತೇಕ ಸೊನ್ನೆಯಾಗುತ್ತದೆ. ಸೂತ್ರ (ಹಂತ 9ರ ನಿಕೋಲ್ಸನ್–ರಾಸ್–ವೀಯರ್) ಆ ಸೊನ್ನೆಯಿಂದಲೇ ಭಾಗಿಸುತ್ತದೆ, ಗ್ರಾಫ್ ಮುಳ್ಳಿನಂತೆ ಮೇಲೆದ್ದು ನಿಲ್ಲುತ್ತದೆ. ಟೆಫ್ಲಾನ್‌ನ ಎಪ್ಸಿಲಾನ್ ಸುಮಾರು 2.05, ಅದರ ವರ್ಗಮೂಲ 1.43. ಹಾಗಾಗಿ 10 ಮಿ.ಮೀ. ಹಾಳೆಗೆ ಈ ಜಾಗ ಸುಮಾರು 10.5 ಗಿಗಾಹರ್ಟ್ಸ್. ನಿಮ್ಮ ಸ್ಯಾಂಪಲ್‌ನ ಒಳಗಿನ ತರಂಗದೂರದ ಕಾಲು ಭಾಗದ ಆಸುಪಾಸಿನ ದಪ್ಪ ಆರಿಸಿಕೊಳ್ಳಿ. ಟೆಫ್ಲಾನ್ ಮಾತ್ರ ಬೇಕೆಂದೇ 10 ಮಿ.ಮೀ. ಇಟ್ಟುಕೊಳ್ಳಿ. ಯಾಕೆ ಎಂದು ಹಂತ 7ರಲ್ಲಿ ಗೊತ್ತಾಗುತ್ತದೆ.

ದಪ್ಪವನ್ನು ಮೈಕ್ರೋಮೀಟರಿನಲ್ಲಿ ಬೀಮ್ ಬೀಳುವ ಭಾಗದಲ್ಲೇ ಹಲವು ಕಡೆ ಅಳೆಯಿರಿ. ಬರೀ ಅಂಚಿನಲ್ಲಿ ಅಳೆದರೆ ಸಾಲದು. ಟೆಫ್ಲಾನ್‌ನಲ್ಲಿ ದಪ್ಪದ 1 ಶೇಕಡಾ ತಪ್ಪು ಎಪ್ಸಿಲಾನ್‌ನಲ್ಲಿ ಸುಮಾರು 0.6 ಶೇಕಡಾ ತಪ್ಪಾಗುತ್ತದೆ.

## ಹಂತ 3: ಆಂಟೆನಾ ಮತ್ತು ಹೋಲ್ಡರ್ ನಿಲ್ಲಿಸುವುದು

ಬರೀ ಹಾರ್ನ್ ಆದರೆ ಸ್ಯಾಂಪಲ್ ದೂರದ ವಲಯದಲ್ಲಿ (ತರಂಗದ ಮುಖ ಬಹುತೇಕ ಸಪಾಟಾಗುವಷ್ಟು ದೂರದಲ್ಲಿ) ಇರಬೇಕು. ಹಾರ್ನ್ ಬಾಯಿಯ ಅಗಲದ ವರ್ಗವನ್ನು ಎರಡರಿಂದ ಗುಣಿಸಿ, ತರಂಗದೂರದಿಂದ ಭಾಗಿಸಿ. 10 ಸೆಂ.ಮೀ. ಬಾಯಿಗೆ 10 ಗಿಗಾಹರ್ಟ್ಸ್‌ನಲ್ಲಿ ಸುಮಾರು 67 ಸೆಂ.ಮೀ. ಬರುತ್ತದೆ. ಲೆನ್ಸ್ ಇದ್ದರೆ ಈ ಲೆಕ್ಕ ಬೇಡ, ಸ್ಯಾಂಪಲ್ ಫೋಕಸ್‌ನಲ್ಲಿ ನಿಂತರಾಯಿತು.

ಎರಡು ಹಾರ್ನ್‌ಗಳೂ ಒಂದೇ ಗೆರೆಯಲ್ಲಿ, ಒಂದೇ ಧ್ರುವೀಕರಣದಲ್ಲಿ ಇರಲಿ. ಪ್ಲೇಟ್ ಇಟ್ಟು ಹೋಲ್ಡರನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಎಸ್11 ನೋಡಿ. ಅತಿ ಹೆಚ್ಚು ಬಂದ ಜಾಗದಲ್ಲಿ ಪ್ಲೇಟ್ ನೇರ ಎದುರಿಗೆ ನಿಂತಿದೆ. ಅಲ್ಲೇ ಬಿಗಿ ಮಾಡಿ.

ಹೋಲ್ಡರ್‌ನ ಲೋಹದ ಚೌಕಟ್ಟನ್ನು ಅಬ್ಸಾರ್ಬರ್‌ನಿಂದ ಮುಚ್ಚಿ. ಆಸರೆಗೆ ಹಗುರ ಪಾಲಿಸ್ಟೈರೀನ್ ಫೋಮ್ ಬಳಸಿ, ತರಂಗಕ್ಕೆ ಅದು ಬಹುತೇಕ ಗಾಳಿಯೇ. ಮೇಜಿನ ಮೇಲ್ಮೈ, ಹತ್ತಿರದ ಕಪಾಟು, ನಿಮ್ಮದೇ ಮೈ ಎಲ್ಲವೂ ಪ್ರತಿಫಲಿಸುತ್ತವೆ. ಸ್ವೀಪ್ (ವಿಎನ್‌ಎ ಒಂದೊಂದೇ ಆವರ್ತನದಲ್ಲಿ ಅಳೆಯುತ್ತಾ ಹೋಗುವುದು) ಓಡುವಾಗ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲಿ.

## ಹಂತ 4: ವಿಎನ್‌ಎ ಸಿದ್ಧತೆ

ಉಪಕರಣ ಆನ್ ಮಾಡಿ ಕನಿಷ್ಠ ಅರ್ಧ ಗಂಟೆ ಬಿಡಿ. ಒಂದು ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ಕನೆಕ್ಟರ್ ಬಿಗಿಯುವಾಗ ನಟ್ ಮಾತ್ರ ತಿರುಗಿಸಿ, ಕನೆಕ್ಟರಿನ ಮೈ ತಿರುಗಿಸಬೇಡಿ. ಸ್ಟೀಲ್ ಎಸ್‌ಎಂಎ ಆದರೆ ರೆಂಚ್ ಸಾಮಾನ್ಯವಾಗಿ 0.9 ನ್ಯೂಟನ್ ಮೀಟರ್.

ಸ್ವೀಪನ್ನು ನಿಮಗೆ ಬೇಕಾದ ಆವರ್ತನ ಪಟ್ಟಿಗಿಂತ ಸ್ವಲ್ಪ ಅಗಲ ಇಡಿ. ಗೇಟಿಂಗ್ ಆದ ಮೇಲೆ ಎರಡೂ ತುದಿ ಕೆಡುತ್ತವೆ, ಅವನ್ನು ಕತ್ತರಿಸಿ ಬಿಸಾಡಬೇಕಾಗುತ್ತದೆ. 801 ಬಿಂದು ಸಾಕು. ಐಎಫ್ ಬ್ಯಾಂಡ್‌ವಿಡ್ತ್ (ವಿಎನ್‌ಎ ಒಳಗಿನ ಫಿಲ್ಟರಿನ ಅಗಲ) 1 ಕಿಲೋಹರ್ಟ್ಸ್‌ನಿಂದ ಶುರು ಮಾಡಿ. ಅದನ್ನು ಹತ್ತು ಪಟ್ಟು ಇಳಿಸಿದರೆ ಗದ್ದಲ 10 ಡಿಬಿ ಇಳಿಯುತ್ತದೆ, ಸ್ವೀಪ್ ಮಾತ್ರ ಅಷ್ಟೇ ನಿಧಾನವಾಗುತ್ತದೆ.

ಕೇಬಲನ್ನು ಟೇಪ್ ಹಾಕಿ ಮೇಜಿಗೆ ಕಟ್ಟಿಬಿಡಿ. ಇನ್ನು ಮುಂದೆ ಅದು ಅಲುಗಬಾರದು.

## ಹಂತ 5: ಕ್ಯಾಲಿಬ್ರೇಶನ್

ಆಂಟೆನಾವನ್ನು ಮೈಕ್ರೋಮೀಟರ್ ಸ್ಟೇಜ್ ಮೇಲೆ ಹಿಂದೆಮುಂದೆ ಸರಿಸಲು ಆಗುತ್ತದಾದರೆ ಥ್ರೂ–ರಿಫ್ಲೆಕ್ಟ್–ಲೈನ್ (ನೇರ ದಾರಿ, ಪ್ರತಿಫಲನ, ಸ್ವಲ್ಪ ಉದ್ದದ ದಾರಿ ಮೂರನ್ನೂ ಅಳೆಯುವ) ಕ್ಯಾಲಿಬ್ರೇಶನ್ ಮಾಡಿ. 'ಲೈನ್' ಅಂದರೆ ಇಲ್ಲಿ ಗಾಳಿಯೇ. ನಡು ಆವರ್ತನದ ಕಾಲು ತರಂಗದೂರ, ಅಂದರೆ ಎಕ್ಸ್ ಬ್ಯಾಂಡ್‌ಗೆ ಸುಮಾರು 7.3 ಮಿ.ಮೀ. ಸರಿಸಬೇಕು.

ಹೊಸಬರಿಗೆ ನಾನು ಹೇಳುವುದು ಇನ್ನೊಂದು ದಾರಿ. ಮೊದಲು ಕೇಬಲ್ ತುದಿಯಲ್ಲಿ ಮಾಮೂಲಿ ಎರಡು ಪೋರ್ಟ್ ಕ್ಯಾಲಿಬ್ರೇಶನ್ ಮಾಡಿ. ಆಂಟೆನಾ ಜೋಡಿಸಿ. ಆಮೇಲೆ ಖಾಲಿ ಜಾಗ ಮತ್ತು ಪ್ಲೇಟ್ ಎರಡನ್ನೂ ಅಳೆದು ಅವುಗಳ ಜೊತೆ ಹೋಲಿಸಿ:

ಎಸ್11 ಪಡೆಯಲು, ಸ್ಯಾಂಪಲ್ ಓದಿನಿಂದ (ಅಳೆದ ಬೆಲೆಯಿಂದ) ಖಾಲಿ ಓದನ್ನು ಕಳೆಯಿರಿ. ಪ್ಲೇಟ್ ಓದಿನಿಂದಲೂ ಖಾಲಿ ಓದನ್ನು ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಮುಂದೆ ಮೈನಸ್ ಚಿಹ್ನೆ ಹಾಕಿ. ಲೋಹದ ಪ್ರತಿಫಲನ ಮೈನಸ್ ಒಂದು, ಅದಕ್ಕೇ ಈ ಮೈನಸ್.

ಎಸ್21 ಪಡೆಯಲು, ಸ್ಯಾಂಪಲ್ ಓದನ್ನು ಖಾಲಿ ಓದಿನಿಂದ ಭಾಗಿಸಿ. ಆಮೇಲೆ ಸ್ಯಾಂಪಲ್ ದಪ್ಪದಷ್ಟು ಗಾಳಿಯ ಫೇಸ್ ವಾಪಸ್ ಸೇರಿಸಿ. ಖಾಲಿ ಇದ್ದಾಗ ಆ ಜಾಗದಲ್ಲಿ ಗಾಳಿ ಇತ್ತು ಅಲ್ವಾ? ಭಾಗಿಸಿದಾಗ ಅದೂ ಹೋಗಿಬಿಟ್ಟಿರುತ್ತದೆ. 10 ಮಿ.ಮೀ. ದಪ್ಪಕ್ಕೆ 10 ಗಿಗಾಹರ್ಟ್ಸ್‌ನಲ್ಲಿ ಅದು 120 ಡಿಗ್ರಿ.

ನನಗೆ ಬರುವ ಕೆಟ್ಟ ಗ್ರಾಫ್‌ಗಳಲ್ಲಿ ಮತ್ತೆಮತ್ತೆ ಕಾಣುವುದು ಈ ಎರಡು ಸಾಲಿನ ತಪ್ಪೇ: ಮೈನಸ್ ಮರೆತದ್ದು, ಇಲ್ಲ 120 ಡಿಗ್ರಿ ಮರೆತದ್ದು.

## ಹಂತ 6: ಖಾಲಿ ಜಾಗ, ಪ್ಲೇಟ್, ಗೇಟ್

ಖಾಲಿ ಜಾಗವನ್ನು ಎರಡನೇ ಸಲ ಅಳೆದು ಮೊದಲನೆಯದರಿಂದ ಭಾಗಿಸಿ. 0 ಡಿಬಿ, 0 ಡಿಗ್ರಿ ಬರಬೇಕು. ಇದನ್ನು ಎಪ್ಸಿಲಾನ್ ಸೂತ್ರಕ್ಕೆ ಹಾಕಿ "ಗಾಳಿಗೆ 1 ಬರುತ್ತದಾ" ಎಂದು ನೋಡಲು ಹೋಗಬೇಡಿ. ಗಾಳಿಯಲ್ಲಿ ಎಸ್11 ಸೊನ್ನೆ, ಸೂತ್ರ ಅಲ್ಲಿ ಅರ್ಥವಿಲ್ಲದ ಉತ್ತರ ಕೊಡುತ್ತದೆ.

ಈಗ ಪ್ಲೇಟ್. ಅದರ ಮುಂಭಾಗವೇ ನಿಮ್ಮ ಅಳತೆಯ ಗಡಿ. ಸ್ಯಾಂಪಲ್‌ನ ಮುಂಭಾಗವೂ ಸರಿಯಾಗಿ ಅಲ್ಲೇ ಬರಬೇಕು. ಹೋಲ್ಡರಿನಲ್ಲಿ ಮುಂದಿನಿಂದ ತಡೆಯುವ ನಿಲುಗಡೆ ಇದ್ದರೆ ದಪ್ಪ ಎಷ್ಟಿದ್ದರೂ ಇದು ತಾನಾಗೇ ಆಗುತ್ತದೆ. ಹಿಂದಿನಿಂದ ತಡೆಯುವ ಹೋಲ್ಡರ್ ಆದರೆ ಬೇರೆ ದಪ್ಪದ ಸ್ಯಾಂಪಲ್ ಇಟ್ಟ ಕೂಡಲೇ ಗಡಿ ಸರಿಯುತ್ತದೆ. ಅರ್ಧ ಮಿ.ಮೀ. ಸರಿದರೂ ತರಂಗ ಹೋಗಿ ಬರುವ ದಾರಿ 1 ಮಿ.ಮೀ. ಬದಲಾಗುತ್ತದೆ, ಎಸ್11ರ ಫೇಸ್ 12 ಡಿಗ್ರಿ ತಪ್ಪುತ್ತದೆ.

ಗೇಟ್ ಹಾಕಲು ಪ್ಲೇಟ್‌ನ ಎಸ್11 ಅನ್ನು ಟೈಮ್ ಡೊಮೇನ್‌ನಲ್ಲಿ ನೋಡಿ. ಮೊದಲ ಗುಡ್ಡ ಹಾರ್ನ್‌ನದ್ದು, ಆಮೇಲಿನ ದೊಡ್ಡದು ಪ್ಲೇಟ್‌ನದ್ದು, ಅದರಾಚೆಯ ಸಣ್ಣವು ಹಾರ್ನ್ ಮತ್ತು ಪ್ಲೇಟ್ ನಡುವೆ ಮತ್ತೆ ಮತ್ತೆ ಓಡಾಡಿದವು. ಹಾರ್ನ್‌ನಿಂದ ಪ್ಲೇಟ್‌ಗೆ 30 ಸೆಂ.ಮೀ. ಇದ್ದರೆ ಇವುಗಳ ನಡುವಿನ ಅಂತರ ಸುಮಾರು 2 ನ್ಯಾನೊಸೆಕೆಂಡ್. ದೊಡ್ಡ ಗುಡ್ಡದ ಮೇಲೆ ಗೇಟ್ ಇಡಿ. ಖಾಲಿ, ಪ್ಲೇಟ್, ಸ್ಯಾಂಪಲ್ ಮೂರಕ್ಕೂ ಅದೇ ಗೇಟ್.

ಗೇಟ್ ಕಿರಿದಾದಷ್ಟೂ ಗೆರೆ ನುಣುಪಾಗುತ್ತದೆ. ಅದನ್ನು ನೋಡಿ ಖುಷಿಪಟ್ಟು ಇನ್ನೂ ಕಿರಿದು ಮಾಡುವ ಚಟ ಇದೆ, ಅದರಿಂದ ದೂರ ಇರಿ. ಸ್ಯಾಂಪಲ್‌ನ ಒಳಗೆ ತರಂಗ ಹಲವು ಸಲ ಹಿಂದೆಮುಂದೆ ಓಡಾಡುತ್ತದೆ, ಸೂತ್ರಕ್ಕೆ ಅದೆಲ್ಲವೂ ಬೇಕು. 10 ಮಿ.ಮೀ. ಟೆಫ್ಲಾನ್‌ನಲ್ಲಿ ಒಂದು ಸುತ್ತಿಗೆ ಸುಮಾರು 0.1 ನ್ಯಾನೊಸೆಕೆಂಡ್, ಬೇಗ ಸಾಯುತ್ತದೆ. ಅದೇ ದಪ್ಪದ, ಎಪ್ಸಿಲಾನ್ 25 ಇರುವ, ನಷ್ಟ ಕಡಿಮೆ ಇರುವ ವಸ್ತುವಿನಲ್ಲಿ ಒಂದು ಸುತ್ತಿಗೆ 0.33 ನ್ಯಾನೊಸೆಕೆಂಡ್. ಅದು ಪೂರ್ತಿ ತಣ್ಣಗಾಗಲು 2 ನ್ಯಾನೊಸೆಕೆಂಡ್ ಬೇಕು. ಅಷ್ಟು ಅಗಲದ ಗೇಟ್‌ಗೆ ಜಾಗ ಆಗಬೇಕಾದರೆ ಆಂಟೆನಾಗಳನ್ನೇ ದೂರ ಸರಿಸಬೇಕಾಗುತ್ತದೆ.

## ಹಂತ 7: ಟೆಫ್ಲಾನ್ ಪರೀಕ್ಷೆ

ಸೂತ್ರ ಹಾಕುವ ಮೊದಲು ಕಚ್ಚಾ ಗೆರೆಯನ್ನೇ ನೋಡಿ. 10 ಮಿ.ಮೀ. ಹಾಳೆಗೆ ಎಸ್11 ಸುಮಾರು 10.5 ಗಿಗಾಹರ್ಟ್ಸ್‌ನಲ್ಲಿ ಆಳವಾದ ಗುಂಡಿಗೆ ಬೀಳಬೇಕು. ಗುಂಡಿಯ ಜಾಗ ಬೇರೆ ಕಡೆ ಇದ್ದರೆ ದಪ್ಪ ತಪ್ಪು, ಇಲ್ಲ ಆ ಹಾಳೆ ಟೆಫ್ಲಾನೇ ಅಲ್ಲ. ಈ ಗುಂಡಿಗೋಸ್ಕರವೇ 10 ಮಿ.ಮೀ. ಬೇಕು ಎಂದದ್ದು. ಕ್ಯಾಲಿಬ್ರೇಶನ್ ಸ್ವಲ್ಪ ಕೆಟ್ಟಿದ್ದರೂ ಇದು ಜಾಸ್ತಿ ಅಲುಗುವುದಿಲ್ಲ.

ಆಮೇಲೆ ಎಸ್21ರ ಫೇಸ್. 10 ಗಿಗಾಹರ್ಟ್ಸ್‌ನಲ್ಲಿ ಖಾಲಿ ಜಾಗಕ್ಕಿಂತ ಸುಮಾರು 52 ಡಿಗ್ರಿ ಹಿಂದೆ ಬೀಳಬೇಕು. ಒಂದು ಡಿಗ್ರಿ ಆಚೀಚೆ ಆದರೆ ಎಪ್ಸಿಲಾನ್ ಸುಮಾರು 0.024 ಬದಲಾಗುತ್ತದೆ. ನಿಮಗೆ ಎಷ್ಟು ನಿಖರತೆ ಬೇಕು, ಅದಕ್ಕೆ ಕೇಬಲ್ ಎಷ್ಟು ಅಲುಗಬಾರದು ಎನ್ನುವುದು ಇಲ್ಲೇ ಗೊತ್ತಾಗುತ್ತದೆ.

ಈಗ ಸೂತ್ರ ಹಾಕಿ. ಗುಂಡಿಯ ಸುತ್ತಮುತ್ತಲಿನ ಭಾಗ ಬಿಟ್ಟು ಎಪ್ಸಿಲಾನ್ 2.0ರಿಂದ 2.1ರ ನಡುವೆ, ಮ್ಯೂ ಒಂದರ ಹತ್ತಿರ ಇರಬೇಕು. ಟೆಫ್ಲಾನ್‌ನ ನಿಜವಾದ ಲಾಸ್ ಟ್ಯಾಂಜೆಂಟ್ 0.001ಕ್ಕಿಂತಲೂ ಕಡಿಮೆ. ನಿಮಗೆ 0.01 ಬಂದರೆ ಅದು ನಿಮ್ಮ ಮೇಜಿನ (ಅಳತೆಯ ಜೋಡಣೆಯ) ಮಿತಿ. ಮುಂದೆ ನಿಮ್ಮ ಸ್ಯಾಂಪಲ್‌ಗೂ ಅಷ್ಟೇ ಬಂದರೆ ಅದನ್ನು ವಸ್ತುವಿನ ನಷ್ಟ ಎಂದು ಬರೆಯಬೇಡಿ.

## ಹಂತ 8: ನಿಮ್ಮ ಸ್ಯಾಂಪಲ್

ಖಾಲಿ, ಪ್ಲೇಟ್, ಸ್ಯಾಂಪಲ್, ಮತ್ತೆ ಖಾಲಿ. ಈ ಕ್ರಮದಲ್ಲಿ ಅಳೆಯಿರಿ. ಕೊನೆಯ ಖಾಲಿ ಓದು ಮೊದಲಿನದಕ್ಕಿಂತ 1 ಡಿಗ್ರಿಗಿಂತ ಜಾಸ್ತಿ ಸರಿದಿದ್ದರೆ ನಾನು ಆ ಸುತ್ತನ್ನೇ ಬಿಟ್ಟುಬಿಡುತ್ತೇನೆ. ಸ್ಯಾಂಪಲ್ ತೆಗೆದು ಮತ್ತೆ ಇಟ್ಟು ಅಳೆಯಿರಿ, ತಿರುವುಮುರುವು ಮಾಡಿಯೂ ಅಳೆಯಿರಿ. ಸುಮ್ನೆ ಅಲ್ಲೇ ಬಿಟ್ಟು ಹತ್ತು ಸಲ ಸ್ವೀಪ್ ಮಾಡಿದರೆ ಗದ್ದಲದ ಅಳತೆ ಸಿಗುತ್ತದೆಯೇ ಹೊರತು ಇಡುವುದರಲ್ಲಿನ ತಪ್ಪು ಹೊರಬರುವುದಿಲ್ಲ.

## ಹಂತ 9: ಲೆಕ್ಕ

ಎಪ್ಸಿಲಾನ್, ಮ್ಯೂ ಎರಡೂ ಬೇಕಾದರೆ ಎಸ್11, ಎಸ್21 ಎರಡನ್ನೂ ಬಳಸುವ ನಿಕೋಲ್ಸನ್–ರಾಸ್–ವೀಯರ್ ವಿಧಾನ. ವಸ್ತು ಅಯಸ್ಕಾಂತೀಯ ಅಲ್ಲ ಎಂದು ಖಾತ್ರಿ ಇದ್ದರೆ ಮ್ಯೂ ಒಂದು ಎಂದು ಹಿಡಿದು, ಬರೀ ಎಸ್21ಕ್ಕೆ ಎಪ್ಸಿಲಾನನ್ನು ಹೊಂದಿಸುವ ವಿಧಾನವೇ ವಾಸಿ. ಅರ್ಧ ತರಂಗದೂರದ ಮುಳ್ಳು ಮಾಯವಾಗುತ್ತದೆ, ಇಟ್ಟ ಜಾಗದ ತಪ್ಪೂ ಹೆಚ್ಚು ಕಾಡುವುದಿಲ್ಲ. ಮೊದಲ ಊಹೆಯ ಬೆಲೆ ಮಾತ್ರ ಸರಿಯ ಹತ್ತಿರ ಇರಬೇಕು.

ದಪ್ಪ ಸ್ಯಾಂಪಲ್‌ನಲ್ಲಿ ಒಂದು ಬಲೆ ಇದೆ. 30 ಮಿ.ಮೀ. ದಪ್ಪ, ಎಪ್ಸಿಲಾನ್ 9 ಇದ್ದರೆ 10 ಗಿಗಾಹರ್ಟ್ಸ್‌ನಲ್ಲಿ ಒಳಗೆ ಸರಿಯಾಗಿ ಮೂರು ತರಂಗ ಹಿಡಿಸುತ್ತವೆ. ಫೇಸ್ ಮೂರು ಪೂರ್ತಿ ಸುತ್ತು ಹೊಡೆದು ಸೊನ್ನೆಗೇ ಬಂದು ನಿಲ್ಲುತ್ತದೆ, ಏನೂ ಆಗೇ ಇಲ್ಲ ಎನ್ನುವಂತೆ. ಎಷ್ಟು ಸುತ್ತು ಎಂದು ತಿಳಿಯಲು ಗ್ರೂಪ್ ಡಿಲೇ (ಆವರ್ತನದ ಜೊತೆ ಫೇಸ್ ಬದಲಾಗುವ ವೇಗದಿಂದ ಸಿಗುವ ತಡ) ನೋಡಿ. ಈ ಸ್ಯಾಂಪಲ್‌ಗೆ ಅದು ಸುಮಾರು 300 ಪಿಕೊಸೆಕೆಂಡ್ ಇರಬೇಕು. ಸುತ್ತಿನ ಸಂಖ್ಯೆಯನ್ನು 0, 1, 2, 3 ಎಂದು ಹಾಕಿ ನೋಡಿ, ಯಾವುದರ ಡಿಲೇ ಅಳತೆಗೆ ಹೊಂದುತ್ತದೋ ಅದನ್ನೇ ಇಟ್ಟುಕೊಳ್ಳಿ. ಅದೇ ವಸ್ತುವಿನ ಎರಡು ದಪ್ಪದ ತುಂಡು ಇದ್ದರೆ ಅನುಮಾನವೇ ಉಳಿಯುವುದಿಲ್ಲ.

ಚಿಹ್ನೆಯ ಪದ್ಧತಿಯನ್ನೂ ಗಮನಿಸಿ. ವಿಎನ್‌ಎಯಲ್ಲಿ ತಡವಾದಷ್ಟೂ ಫೇಸ್ ಮೈನಸ್ ಕಡೆ ಹೋಗುತ್ತದೆ. ಕೆಲವು ಭೌತಶಾಸ್ತ್ರದ ಪುಸ್ತಕಗಳ ಸೂತ್ರದಲ್ಲಿ ಇದು ಉಲ್ಟಾ. ಎರಡನ್ನೂ ಬೆರೆಸಿದರೆ ನಷ್ಟವೆಲ್ಲ ಲಾಭವಾಗಿ ಕಾಣುತ್ತದೆ.

## ಗ್ರಾಫ್ ನೋಡಿ ತಪ್ಪು ಹಿಡಿಯುವುದು

ಟೆಫ್ಲಾನ್‌ಗೆ ಎಪ್ಸಿಲಾನ್ 1, ಮ್ಯೂ 2.05. ಎಸ್11ರ ಮೈನಸ್ ಮರೆತಿದ್ದೀರಿ. ಆ ಚಿಹ್ನೆ ತಿರುಗಿದರೆ ಎಪ್ಸಿಲಾನ್, ಮ್ಯೂ ಎರಡೂ ತಮ್ಮ ಜಾಗವನ್ನು ಪೂರ್ತಿ ಅದಲುಬದಲು ಮಾಡಿಕೊಳ್ಳುತ್ತವೆ.

ಎಸ್21 ವಿಧಾನದಲ್ಲಿ ಎಪ್ಸಿಲಾನ್ ಒಂದಕ್ಕಿಂತ ಎಷ್ಟೋ ಕಡಿಮೆ. ದಪ್ಪದಷ್ಟು ಗಾಳಿಯ ಫೇಸ್ ವಾಪಸ್ ಸೇರಿಸಿಲ್ಲ.

ಎಪ್ಸಿಲಾನ್ ಏರಿದ ಕಡೆ ಮ್ಯೂ ಇಳಿಯುತ್ತದೆ, ಗುಣಲಬ್ಧ ಮಾತ್ರ ಹೆಚ್ಚುಕಮ್ಮಿ ಸ್ಥಿರ. ಮೊದಲು ಎಸ್11 ಮೇಲೆ ಅನುಮಾನ ಪಡಿ. ಸ್ಯಾಂಪಲ್ ಗಡಿಯಿಂದ ಸರಿದಿದೆ ಅಥವಾ ಓರೆಯಾಗಿದೆ. ಗುಣಲಬ್ಧವೇ ತಪ್ಪಿದ್ದರೆ ಎಸ್21, ದಪ್ಪ ಅಥವಾ ಸುತ್ತಿನ ಸಂಖ್ಯೆ ನೋಡಿ.

ಸಮನಾದ ಅಲೆಗಳು. ಎರಡು ಏರುಗಳ ನಡುವೆ ಎಷ್ಟು ಗಿಗಾಹರ್ಟ್ಸ್ ಇದೆ ಎಂದು ಅಳೆದು, 15 ಅನ್ನು ಅದರಿಂದ ಭಾಗಿಸಿ. ತರಂಗ ಓಡಾಡುತ್ತಿರುವ ದೂರ ಸೆಂಟಿಮೀಟರಿನಲ್ಲಿ ಸಿಗುತ್ತದೆ. 0.5 ಗಿಗಾಹರ್ಟ್ಸ್ ಅಲೆ ಅಂದರೆ 30 ಸೆಂ.ಮೀ., ಬಹುಶಃ ಹಾರ್ನ್ ಮತ್ತು ಸ್ಯಾಂಪಲ್ ನಡುವೆ. 0.25 ಆದರೆ 60 ಸೆಂ.ಮೀ., ಎರಡು ಹಾರ್ನ್‌ಗಳ ನಡುವೆ. ಅಳತೆ ಟೇಪ್ ಹಿಡಿದು ಮೇಜಿನ ಮೇಲೆ ಆ ದೂರದಲ್ಲಿ ಏನಿದೆ ನೋಡಿ, ತಪ್ಪಿತಸ್ಥ ಕೈಗೆ ಸಿಗುತ್ತಾನೆ.

ನಷ್ಟ ಸೊನ್ನೆಗಿಂತ ಕೆಳಗೆ. ಪಟ್ಟಿಯ ಉದ್ದಕ್ಕೂ ಹಾಗಿದ್ದರೆ ಚಿಹ್ನೆಯ ಪದ್ಧತಿ ಬೆರೆತಿದೆ. ಅಲ್ಲಲ್ಲಿ ಇಣುಕಿದರೆ ನಷ್ಟ ನಿಮ್ಮ ಮೇಜಿನ ಮಿತಿಗಿಂತ ಕಡಿಮೆ ಇದೆ. ಆ ಬಿಂದುಗಳನ್ನು ಅಳಿಸಿ ಗೆರೆ ಚಂದ ಮಾಡಬೇಡಿ. "ಲಾಸ್ ಟ್ಯಾಂಜೆಂಟ್ 0.01ಕ್ಕಿಂತ ಕಡಿಮೆ" ಎಂದು ಬರೆಯಿರಿ.

ಎರಡೂ ತುದಿಯಲ್ಲಿ ಗೆರೆ ಬಾಗುವುದು. ಗೇಟಿಂಗ್‌ನ ಗುಣ. ತುದಿಗಳನ್ನು ಕತ್ತರಿಸಿ.

ಗೇಟ್ ಹಾಕದ ಕಚ್ಚಾ ಫೈಲ್‌ಗಳನ್ನು, ಅಂದರೆ ಎರಡೂ ಖಾಲಿ ಓದು, ಪ್ಲೇಟ್, ಟೆಫ್ಲಾನ್ ಮತ್ತು ಸ್ಯಾಂಪಲ್ ಐದನ್ನೂ, ದಪ್ಪ ಮತ್ತು ಕೋಣೆಯ ಉಷ್ಣತೆಯ ಜೊತೆ ಉಳಿಸಿಕೊಳ್ಳಿ. ಸಹಾಯ ಕೇಳುವಾಗ ಎಪ್ಸಿಲಾನ್ ಗ್ರಾಫ್‌ನ ಚಿತ್ರ ಕಳಿಸುವ ಬದಲು ಈ ಫೈಲ್‌ಗಳನ್ನು ಕಳಿಸಿ.